ಕಿಟಕಿ ಕಟ್ಟೆಯ ಮೇಲೆ ನಾಲ್ಕು ಹಲ್ಲಿನ ಗುರುತು

ಮಗಳಿಗೆ ಹನ್ನೊಂದು ತಿಂಗಳಾಗಿತ್ತು. 2022ರ ಮಾರ್ಚ್. ಮಾಮೂಲಿ ಚೆಕಪ್‌ಗೆ ಅಂತ ಡಾಕ್ಟರ್ ಹತ್ತಿರ ಹೋಗಿದ್ದೆವು. ನರ್ಸ್ ಬೆರಳ ತುದಿಗೆ ಸೂಜಿ ಚುಚ್ಚಿ ಎರಡು ಹನಿ ರಕ್ತ ತೆಗೆದುಕೊಂಡರು. ನಾವಿರುವುದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ. ಇಲ್ಲಿ ಪ್ರತಿ ಮಗುವಿಗೂ 9ರಿಂದ 12 ತಿಂಗಳೊಳಗೆ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ನೋಡಲೇಬೇಕು. ಎರಡನೇ ವರ್ಷಕ್ಕೆ, ಮೂರನೇ ವರ್ಷಕ್ಕೆ ಮತ್ತೆ ನೋಡಬೇಕು. ಶಾಲೆಗೆ ಸೇರಿಸುವಾಗ ಆ ಚೀಟಿ ಕೇಳುತ್ತಾರೆ. ನಾವು ಅದನ್ನು ಲಸಿಕೆ ಹಾಕಿಸಿದ ಹಾಗೆ ಇನ್ನೊಂದು ಶಾಸ್ತ್ರ ಅಂದುಕೊಂಡು ಮನೆಗೆ ಬಂದೆವು.

ಮಾರನೇ ದಿನ ಫೋನ್ ಬಂತು. 9 ಬಂದಿದೆ, ಕೈ ಬೆರಳಿನ ಮೇಲೇ ಧೂಳಿದ್ದರೂ ಹೀಗೆ ಬರಬಹುದು, ರಕ್ತನಾಳದಿಂದ ಇನ್ನೊಂದು ಸಲ ತೆಗೆಯೋಣ ಅಂದರು. ತೆಗೆದರು. 7 ಬಂತು. ಒಂದು ಡೆಸಿಲೀಟರ್ ರಕ್ತದಲ್ಲಿ 7 ಮೈಕ್ರೋಗ್ರಾಂ. ಗಮನ ಕೊಡಬೇಕು ಅಂತ ದೇಶದ ಆರೋಗ್ಯ ಇಲಾಖೆಯವರು ಇಟ್ಟಿರುವ ಗೆರೆ 3.5. ಅದಕ್ಕೂ ಮುಂಚೆ ಗೆರೆ 5 ಇತ್ತು, 2021ರ ಅಕ್ಟೋಬರಿನಲ್ಲಿ ಇಳಿಸಿದ್ದರು. ನಮ್ಮ ರಾಜ್ಯದಲ್ಲಿ ಆಗ 10 ಅಥವಾ ಜಾಸ್ತಿ ಇದ್ದರೆ ಸೀಸದ ವಿಷ ಅಂತ ಬರೆಯುತ್ತಿದ್ದರು. 5ರಿಂದ 9ರ ನಡುವೆ ಇದ್ದರೆ ಕಾಳಜಿಯ ಮಟ್ಟ. ನಮ್ಮದು ಕಾಳಜಿಯ ಮಟ್ಟ. ಹೆಸರಿಗೆ ತಕ್ಕಂತೆ ಆ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆ ಬರಲಿಲ್ಲ.

ಮಗು ಚೆನ್ನಾಗಿಯೇ ಇತ್ತು. ಆಟ, ನಗು, ಊಟ ಎಲ್ಲ ಸರಿ. ಈ ಸೀಸದ ಕಾಟವೇ ಅದು, ಇಷ್ಟು ಮಟ್ಟದಲ್ಲಿ ಹೊರಗೆ ಏನೂ ಕಾಣುವುದಿಲ್ಲ. ಒಳಗೆ ಬೆಳೆಯುತ್ತಿರುವ ಮಿದುಳಿಗೆ ಪೆಟ್ಟು ಕೊಡುತ್ತಿರುತ್ತದೆ.

ಆಮೇಲೆ ಡಾಕ್ಟರ್ ಆಫೀಸಿನಿಂದ ಒಬ್ಬರು ಪ್ರಶ್ನೆಗಳ ಪಟ್ಟಿ ಹಿಡಿದು ಫೋನ್ ಮಾಡಿದರು. ಮಗುವಿಗೆ ಕಾಡಿಗೆ ಹಚ್ಚುತ್ತೀರಾ? ಕುಂಕುಮ ಎಲ್ಲಿಂದ ತಂದದ್ದು? ಅರಿಶಿನದ ಪುಡಿ ಊರಿಂದ ಬಂದದ್ದಾ? ಹಿತ್ತಾಳೆ ಪಾತ್ರೆಯಲ್ಲಿ ಅಡುಗೆ ಮಾಡುತ್ತೀರಾ? ಆಯುರ್ವೇದದ ಔಷಧಿ ಕೊಡುತ್ತೀರಾ? ಪಕ್ಕದಲ್ಲಿ ಕೂತಿದ್ದ ಅಮ್ಮನಿಗೆ ಸಿಟ್ಟು ಬಂತು. ಅವರು ಆರು ತಿಂಗಳಿಗೆ ಅಂತ ತಿಪಟೂರಿನಿಂದ ಬಂದಿದ್ದರು. "ನಮ್ಮದೆಲ್ಲಾ ತಪ್ಪು ಅಂತ ಹೇಳ್ತಿದ್ದಾಳೇನೋ ಅವಳು?" ಅಂದರು. ನನಗೂ ಮೊದಲು ಹಾಗೇ ಅನಿಸಿತು. ಆದರೆ ಅವರ ಪ್ರಶ್ನೆಯಲ್ಲಿ ಹುರುಳಿತ್ತು. ಬೋಸ್ಟನ್ ಸುತ್ತಮುತ್ತಲ ಅಂಗಡಿಗಳಿಂದ ಆಯುರ್ವೇದದ 70 ತಯಾರಿಕೆಗಳನ್ನು ಕೊಂಡು ಪರೀಕ್ಷಿಸಿದ್ದ ವರದಿ 2004ರಲ್ಲಿ ಬಂದಿತ್ತು. 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. ಅಮ್ಮನೇ ಸ್ವಲ್ಪ ಹೊತ್ತಾದ ಮೇಲೆ ನೆನಪು ಮಾಡಿಕೊಂಡರು. "ಕಲಾಯಿಯವನು ತವರದ ಜೊತೆ ಸೀಸ ಬೆರೆಸ್ತಾನೆ, ನೋಡ್ಕೊಂಡು ಹಾಕಿಸು ಅಂತ ನಮ್ಮತ್ತೆ ಬೈತಿದ್ರು ಕಣೋ."

ನಾವು ಹಿತ್ತಾಳೆ ಪಾತ್ರೆಯನ್ನೂ ಊರಿನ ಅರಿಶಿನವನ್ನೂ ಎತ್ತಿಟ್ಟೆವು. ಆದರೆ ಪ್ರಶ್ನೆ ಕೇಳಿದಾಕೆ ಕೊನೆಯಲ್ಲಿ ಕೇಳಿದ್ದು, "ಮನೆ ಯಾವ ವರ್ಷದ್ದು?" "1912" ಅಂದೆ. ಆ ಕಡೆ ಒಂದು ಕ್ಷಣ ಸದ್ದಿಲ್ಲ. "ಹಾಗಾದರೆ ಮೊದಲು ಕಿಟಕಿ ನೋಡಿ" ಅಂದರು.

ಮನೆಯ ಬಗ್ಗೆ ಒಂದು ಮಾತು. ನಾವಿರುವ ಊರು ವುಸ್ಟರ್. ಸ್ಪೆಲಿಂಗ್ ನೋಡಿದರೆ ಯಾರೂ ಹಾಗೆ ಓದುವುದಿಲ್ಲ, ನಾನೂ ಎರಡು ವರ್ಷ ತಪ್ಪಾಗಿಯೇ ಹೇಳುತ್ತಿದ್ದೆ. ಇಲ್ಲಿ ಹಳೇ ಕಾಲದ ಮರದ ಮೂರಂತಸ್ತಿನ ಮನೆಗಳು ಬೀದಿಗಟ್ಟಲೆ ಇವೆ. ಅಂತಸ್ತಿಗೊಂದು ಸಂಸಾರ. ನಾವು ಕೊಂಡದ್ದು ನಡುವಿನ ಅಂತಸ್ತು. ಅಮೆರಿಕದಲ್ಲಿ ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ ಬೆರೆಸುವುದನ್ನು ನಿಷೇಧಿಸಿದ್ದು 1978ರಲ್ಲಿ. ಅದಕ್ಕೂ ಹಳೆಯ ಮನೆ ಅಂದರೆ ಸೀಸ ಇದೆ ಅಂತಲೇ ಹಿಡಿಯಬೇಕು. ಅದರಲ್ಲೂ ಕಿಟಕಿ, ಬಾಗಿಲು, ಮೆಟ್ಟಿಲು, ಹೊರಗಿನ ಜಗಲಿ. ಬಿಳಿ ಸೀಸದ ಬಣ್ಣ ನೀರಿಗೂ ತಿಕ್ಕಾಟಕ್ಕೂ ಜಗ್ಗುತ್ತಿರಲಿಲ್ಲ. ಹಾಗಾಗಿ ಜಾಸ್ತಿ ಕೈ ತಾಗುವ, ಮಳೆ ಬೀಳುವ ಜಾಗಗಳಿಗೆ ಅದನ್ನೇ ಬಳಿಯುತ್ತಿದ್ದರು.

ಇದೆಲ್ಲ ನನಗೆ ಮನೆ ಕೊಳ್ಳುವಾಗ ಗೊತ್ತಿರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಸೀಸದ ಬಗ್ಗೆ ಒಂದು ಕಾಗದಕ್ಕೆ ಸಹಿ ಹಾಕಿಸಿದ್ದರು, ಜೊತೆಗೊಂದು ಪುಸ್ತಕ ಕೊಟ್ಟಿದ್ದರು. ಹಳೇ ಮನೆ ಕೊಳ್ಳುವವರಿಗೆ ಸೀಸ ಪರೀಕ್ಷೆ ಮಾಡಿಸಿಕೊಳ್ಳಲು ಹತ್ತು ದಿನ ಕೊಡಬೇಕು ಅಂತ ಕಾನೂನಿದೆ. ಆ ಹತ್ತು ದಿನವನ್ನು ನಾನೇ ಬೇಡ ಅಂತ ಗೀಟು ಹಾಕಿಕೊಟ್ಟಿದ್ದೆ. 2021ರಲ್ಲಿ ಒಂದೊಂದು ಮನೆಗೂ ಹತ್ತು ಜನ ಸಾಲು ನಿಂತಿದ್ದರು. ಷರತ್ತು ಹಾಕಿದವರಿಗೆ ಮನೆ ಸಿಗುತ್ತಿರಲಿಲ್ಲ.

ಕಿಟಕಿ ನೋಡಿದೆವು. ಇಲ್ಲಿನ ಹಳೇ ಕಿಟಕಿಗೆ ಎರಡು ಗಾಜಿನ ಚೌಕಟ್ಟು, ಮೇಲೊಂದು ಕೆಳಗೊಂದು. ಕೆಳಗಿನದನ್ನು ಎತ್ತಿದರೆ ಕಿಟಕಿ ತೆರೆಯುತ್ತದೆ. ಪ್ರತಿ ಸಲ ಎತ್ತಿ ಇಳಿಸುವಾಗಲೂ ಬಣ್ಣ ಬಣ್ಣಕ್ಕೆ ಉಜ್ಜುತ್ತದೆ. ಉಜ್ಜಿದ ಪುಡಿ ಚೌಕಟ್ಟು ಕೂರುವ ತಗ್ಗಿನಲ್ಲಿ ಬೀಳುತ್ತದೆ. ಗಾಳಿ ಬೀಸಿದಾಗ ಒಳಗೆ ಬರುತ್ತದೆ. ನಮ್ಮ ಕಿಟಕಿಯ ತಗ್ಗಿನಲ್ಲಿ ಸತ್ತ ನೊಣ, ಒಣಗಿದ ಎಲೆ, ಜೊತೆಗೆ ಹಪ್ಪಳದ ಚೂರಿನ ಹಾಗೆ ಬಿಳಿ ಬಣ್ಣದ ಸಿಪ್ಪೆ. ಅಮ್ಮನಿಗೆ ಬೆಳಿಗ್ಗೆ ಎದ್ದ ಕೂಡಲೇ ಕಿಟಕಿ ತೆರೆಯಬೇಕು, ಒಗ್ಗರಣೆ ಹಾಕುವಾಗ ತೆರೆಯಬೇಕು, ಸಂಜೆ ದೀಪ ಹಚ್ಚುವಾಗ ಮುಚ್ಚಬೇಕು. ಪಾಪ, ಗಾಳಿ ಆಡಲಿ ಅಂತ.

ಮಗು ಮಲಗುವ ಕೋಣೆಯ ಕಿಟಕಿ ಕಟ್ಟೆಯ ಅಂಚಿನಲ್ಲಿ ನನ್ನ ಹೆಂಡತಿ ತೋರಿಸಿದ್ದು ನಾಲ್ಕು ಸಣ್ಣ ಗುಳಿ. ಮೇಲೆ ಎರಡು, ಕೆಳಗೆ ಎರಡು. ಆಗಷ್ಟೇ ಎದ್ದು ನಿಲ್ಲಲು ಕಲಿತಿದ್ದ ಮಗಳು ಕಟ್ಟೆ ಹಿಡಿದು ನಿಂತು, ಹಲ್ಲು ಬರುವ ನವೆಗೆ ಅದನ್ನೇ ಕಚ್ಚಿದ್ದಳು. ನಾವು ಆ ಫೋಟೋ ತೆಗೆದು ಊರಿಗೂ ಕಳಿಸಿದ್ದೆವು, ಎಷ್ಟು ಮುದ್ದಾಗಿ ನಿಂತಿದ್ದಾಳೆ ಅಂತ.

ಇಲ್ಲಿ ನನ್ನ ಮೊದಲ ತಪ್ಪು. ಗಾಬರಿಯಲ್ಲಿ, ಪರಿಚಯದವರೊಬ್ಬರು ಹೇಳಿದ ಪೇಂಟರ್‌ನನ್ನು ಕರೆಸಿದೆ. ಅವನು ನೋಡಿ, "ಇದೇನು ಮಹಾ, ಉಜ್ಜಿ ಎರಡು ಕೋಟ್ ಹೊಡೆದರೆ ಆಯಿತು" ಅಂದ. ಯಂತ್ರ ಹಚ್ಚಿ ಒಂದು ಕಿಟಕಿ ಉಜ್ಜಿಯೂ ಬಿಟ್ಟ. ಅರ್ಧ ಗಂಟೆ. ಹಜಾರದಲ್ಲಿದ್ದ ಕರೀ ಟಿವಿಯ ಮೇಲೆ ಅಕ್ಕಿಹಿಟ್ಟು ಉದುರಿಸಿದ ಹಾಗೆ ಬಿಳಿ ಧೂಳು ಕೂತಿತ್ತು. ನನ್ನ ಹೆಂಡತಿ ಮಗುವನ್ನು ಎತ್ತಿಕೊಂಡು ಹೊರಗೆ ಓಡಿದಳು. ಅವನನ್ನು ನಿಲ್ಲಿಸಿ, ದುಡ್ಡು ಕೊಟ್ಟು ಕಳಿಸಿದೆ. ಆಮೇಲೆ ಓದಿದಾಗ ತಿಳಿಯಿತು, 1978ಕ್ಕಿಂತ ಹಳೆಯ ಮನೆಯಲ್ಲಿ ದುಡ್ಡು ತೆಗೆದುಕೊಂಡು ಬಣ್ಣ ಕೆದಕುವವರಿಗೆ ತರಬೇತಿಯೂ ಪರವಾನಗಿಯೂ ಇರಬೇಕು ಅಂತ 2010ರಿಂದ ನಿಯಮವಿದೆ. ನುಣ್ಣನೆ ಧೂಳನ್ನೂ ಹಿಡಿದಿಡುವ ಹೆಪಾ ಫಿಲ್ಟರಿನ ವ್ಯಾಕ್ಯೂಮ್ ಜೋಡಿಸದೆ ಯಂತ್ರದಿಂದ ಉಜ್ಜುವುದು ನಿಷಿದ್ಧ. ಬೆಂಕಿಯಿಂದ ಸುಡುವುದೂ ನಿಷಿದ್ಧ. ಸೀಸದ ಬಣ್ಣ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಅಷ್ಟು ಅಪಾಯವಿಲ್ಲ. ಅದನ್ನು ಪುಡಿ ಮಾಡಿದಾಗಲೇ ಮನೆ ತುಂಬ ಹರಡುವುದು. ನಾನು ದುಡ್ಡು ಕೊಟ್ಟು ಪುಡಿ ಮಾಡಿಸಿದ್ದೆ.

ಎರಡನೇ ತಪ್ಪು ಸಣ್ಣದು. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಕಡ್ಡಿ ಸಿಗುತ್ತದೆ. ಉಜ್ಜಿದರೆ ಕೆಂಪಾದರೆ ಸೀಸ. ನಾನು ಬಾಗಿಲಿಗೆ ಉಜ್ಜಿದೆ, ಕೆಂಪಾಗಲಿಲ್ಲ. ಬಾಗಿಲು ಸರಿಯಿದೆ ಅಂತ ಸಮಾಧಾನಪಟ್ಟೆ. ಮೇಲಿನ ನಾಲ್ಕು ಪದರ ಹೊಸ ಬಣ್ಣ, ಅದರ ಅಡಿಯಲ್ಲಿ ಹಳೆಯದು. ಕಡ್ಡಿಗೆ ಕಂಡದ್ದು ಮೇಲಿನದು ಮಾತ್ರ.

ಅಷ್ಟರ ಮೇಲೆ ಬುದ್ಧಿ ಬಂತು. ಈ ರಾಜ್ಯದ ಪದ್ಧತಿ ಚೆನ್ನಾಗಿದೆ ಅಂತಲೇ ನನ್ನ ಅಭಿಪ್ರಾಯ, ಸ್ವಲ್ಪ ಉದ್ದವಾದರೂ. ಪರೀಕ್ಷೆ ಮಾಡುವವರು ಬೇರೆ, ಸೀಸ ತೆಗೆಯುವವರು ಬೇರೆ. ಪರೀಕ್ಷೆ ಮಾಡುವವರನ್ನು ಲೆಡ್ ಇನ್ಸ್‌ಪೆಕ್ಟರ್ ಅನ್ನುತ್ತಾರೆ, ಅವರಿಗೆ ಲೈಸೆನ್ಸ್ ಕೊಡುವುದು ಆರೋಗ್ಯ ಇಲಾಖೆ. ತೆಗೆಯುವವರು ಡೀಲೆಡರ್, ಅವರಿಗೆ ಲೈಸೆನ್ಸ್ ಕೊಡುವುದು ಕಾರ್ಮಿಕ ಇಲಾಖೆ. ಇಬ್ಬರ ಪಟ್ಟಿಯೂ ಸರಕಾರದ ಹತ್ತಿರವೇ ಸಿಗುತ್ತದೆ. ನಿಮ್ಮ ವಿಳಾಸ ಹಾಕಿದರೆ ಆ ಮನೆಯಲ್ಲಿ ಹಿಂದೆ ಯಾವಾಗ ಪರೀಕ್ಷೆ ನಡೆದಿತ್ತು ಅನ್ನುವ ದಾಖಲೆಯನ್ನೂ ನೋಡಬಹುದು. ನಮ್ಮ ಮನೆಯದು ಖಾಲಿ ಇತ್ತು. ನೂರಾಹತ್ತು ವರ್ಷದಲ್ಲಿ ಯಾರೂ ನೋಡಿಸಿರಲಿಲ್ಲ.

ನಾಲ್ಕು ಇನ್ಸ್‌ಪೆಕ್ಟರ್‌ಗಳಿಗೆ ಫೋನ್ ಮಾಡಿದೆ. ಒಬ್ಬರು ಆರು ವಾರ ಆಗುತ್ತದೆ ಅಂದರು. ಒಬ್ಬರು ಸೋಡಿಯಂ ಸಲ್ಫೈಡ್ ಹನಿ ಹಾಕಿ ನೋಡುವವರು. ಚಾಕುವಿನಿಂದ ಬಣ್ಣವನ್ನು ಮರದವರೆಗೂ ಸೀಳಿ ಹನಿ ಹಾಕುತ್ತಾರೆ, ಸೀಸ ಇದ್ದರೆ ಕಪ್ಪಗಾಗುತ್ತದೆ. ಇಲ್ಲಿ ಅದಕ್ಕೂ ಒಪ್ಪಿಗೆ ಇದೆ, ಖರ್ಚೂ ಕಡಿಮೆ. ಆದರೆ ಕೊಳೆತ ಮೊಟ್ಟೆಯ ನಾತ, ಮೇಲೆ ಎಲ್ಲ ಕಡೆ ಗಾಯ. ಮೂರನೆಯವರ ಹತ್ತಿರ ಎಕ್ಸ್‌ಆರ್‌ಎಫ್ ಯಂತ್ರ ಇತ್ತು, ಬಣ್ಣ ಸೀಳದೆ ಎಕ್ಸ್‌ಕಿರಣದಿಂದ ಸೀಸ ಅಳೆಯುವಂಥದ್ದು. ನಾನು ಕೇಳಿದ್ದು ಮೂರೇ ಪ್ರಶ್ನೆ. ಲೈಸೆನ್ಸ್ ನಂಬರ್ ಏನು? ವರದಿ ಕೋಣೆವಾರು, ವಸ್ತುವಾರು ಇರುತ್ತದಾ? ಕೆಲಸ ಮುಗಿದ ಮೇಲೆ ಮತ್ತೆ ಬಂದು ನೋಡುವ ಖರ್ಚು ಇದರಲ್ಲೇ ಸೇರಿದೆಯಾ? ಮೂರನೇ ಪ್ರಶ್ನೆಗೆ "ಇಲ್ಲ, ಅದು ಬೇರೆ, ಪ್ರತಿ ಭೇಟಿಗೆ ಇಷ್ಟು" ಅಂತ ನೇರವಾಗಿ ಹೇಳಿದರು. ಅದೇ ಕಾರಣಕ್ಕೆ ಅವರನ್ನೇ ಕರೆದೆ. ಮೊದಲ ಪರೀಕ್ಷೆಗೆ 650 ಡಾಲರ್ ಆಯಿತು.

ಬಂದವರು ಅರವತ್ತರ ಆಸುಪಾಸಿನವರು. ಕೈಯಲ್ಲಿ ಬಂದೂಕಿನ ಆಕಾರದ ಯಂತ್ರ. ಬಾಗಿಲಲ್ಲೇ ಶೂ ಮೇಲೆ ಕವರ್ ಹಾಕಿಕೊಂಡರು. ಅಮ್ಮನಿಗೆ ಅದು ಬಹಳ ಹಿಡಿಸಿತು. ಯಂತ್ರದ ಮೂತಿಯನ್ನು ಗೋಡೆಗೆ ಒತ್ತುತ್ತಾರೆ, ಕೆಲವು ಸೆಕೆಂಡ್ ಹಿಡಿಯುತ್ತಾರೆ, ಪರದೆಯ ಮೇಲೆ ಅಂಕಿ ಬರುತ್ತದೆ. ಎಷ್ಟೇ ಪದರ ಬಣ್ಣವಿದ್ದರೂ ಅಡಿಯಲ್ಲಿರುವ ಸೀಸವನ್ನು ಅದು ಓದುತ್ತದೆ. ಚದರ ಸೆಂಟಿಮೀಟರ್‌ಗೆ 1.0 ಮಿಲಿಗ್ರಾಂ ಅಥವಾ ಜಾಸ್ತಿ ಇದ್ದರೆ ಸೀಸದ ಬಣ್ಣ ಅಂತ ಲೆಕ್ಕ. ಬೀದಿ ಕಡೆಯ ಗೋಡೆಗೆ ಎ ಅಂತ ಹೆಸರು. ಅಲ್ಲಿಂದ ಪ್ರದಕ್ಷಿಣೆ ಬಂದ ಹಾಗೆ ಬಿ, ಸಿ, ಡಿ. ವರದಿಯಲ್ಲಿ "ಕೋಣೆ 3, ಸಿ ಗೋಡೆ, ಕಿಟಕಿ ಕಟ್ಟೆ" ಅಂತ ಇದ್ದರೆ ಯಾರು ಬೇಕಾದರೂ ಹೋಗಿ ಕೈ ಇಟ್ಟು ತೋರಿಸಬಹುದು.

ಗೋಡೆಗಳು 0.1, 0.2. ಅಡುಗೆಮನೆ ಹೊಸದಾಗಿ ಮಾಡಿಸಿದ್ದರಿಂದ 0.0. ನನಗೆ ಜೀವ ಬಂತು. ಮಗುವಿನ ಕೋಣೆಯ ಕಿಟಕಿ ಕಟ್ಟೆಗೆ ಒತ್ತಿದರು. 16.2. ನಾನು ಯಂತ್ರ ಕೆಟ್ಟಿದೆಯಾ ಅಂತ ಕೇಳಿದೆ. ಅವರು ಮಾತಾಡದೆ ಬಗ್ಗಿ ಅಂಚಿನ ಮೇಲೆ ಹೆಬ್ಬೆರಳು ಸವರಿದರು. ಹಲ್ಲಿನ ಗುರುತು ಅವರಿಗೆ ಸಿಕ್ಕಿತು. "ಎಷ್ಟು ತಿಂಗಳು?" ಅಂತ ಮಾತ್ರ ಕೇಳಿದರು. ಪೇಂಟರ್ ಉಜ್ಜಿದ ಕಿಟಕಿಯನ್ನೂ ಒಂದೇ ನೋಟಕ್ಕೆ ಕಂಡುಹಿಡಿದರು. ಹೇಳಿದೆ. "ಇನ್ನು ಮೇಲೆ ಲೈಸೆನ್ಸ್ ಇಲ್ಲದವರ ಕೈಯಲ್ಲಿ ಏನಾದರೂ ತೆಗೆಸಿದರೆ ಮನೆ ಕಾನೂನಿಗೆ ಸರಿಯಾಗಿದೆ ಅಂತ ಕೊನೆಯಲ್ಲಿ ಕೊಡುವ ಪತ್ರ ನಿಮಗೆ ಸಿಗುವುದು ಕಷ್ಟ" ಅಂತ ಎಚ್ಚರಿಸಿದರು.

ಅವರು ಹೋಗುವ ಮುಂಚೆ ಹೇಳಿಕೊಟ್ಟ ನಾಲ್ಕಾರು ಉಪಾಯಗಳು ಇಡೀ ವರದಿಗಿಂತ ಮೊದಲು ಕೆಲಸಕ್ಕೆ ಬಂದವು. ತೊಟ್ಟಿಲನ್ನು ಕಿಟಕಿಯಿಂದ ದೂರ ಸರಿಸಿ. ಗಾಳಿ ಬೇಕೆಂದರೆ ಕೆಳಗಿನ ಚೌಕಟ್ಟು ಎತ್ತಬೇಡಿ, ಮೇಲಿನದನ್ನು ಸ್ವಲ್ಪ ಇಳಿಸಿ. ಕಟ್ಟೆಗೆ ಅಂಟುಹಾಳೆ ಹಚ್ಚಿ. ಕಸ ಪೊರಕೆಯಲ್ಲಿ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಬಿಸಾಕಿ. ಮಗುವಿನ ಕೈಯನ್ನು ಊಟಕ್ಕೂ ನಿದ್ದೆಗೂ ಮುಂಚೆ ತೊಳೆಯಿರಿ. ಡಾಕ್ಟರ್ ಕಡೆಯಿಂದ ಇನ್ನೊಂದು ಮಾತು ಬಂತು. ಹೊಟ್ಟೆ ಖಾಲಿ ಇದ್ದರೆ ಸೀಸ ಜಾಸ್ತಿ ಒಳಗೆ ಹೋಗುತ್ತದೆ, ಕಬ್ಬಿಣ, ಕ್ಯಾಲ್ಸಿಯಂ ಇರುವ ಊಟ ಆಗಾಗ ಕೊಡಿ. ಅಮ್ಮ ಗೆದ್ದವರ ಹಾಗೆ ನನ್ನ ಹೆಂಡತಿಯ ಮುಖ ನೋಡಿದರು. ಅವತ್ತಿನಿಂದ ದಿನಕ್ಕೆ ಎರಡು ಹೊತ್ತು ರಾಗಿ ಸರಿ.

ವರದಿ ಬಂತು. 31 ಪುಟ. ಓದಿದಾಗ ನನಗೆ ಹೊಳೆದ ಮುಖ್ಯ ವಿಷಯ ಒಂದೇ. ಮನೆಯಲ್ಲಿರುವ ಸೀಸವನ್ನೆಲ್ಲ ತೆಗೆಯಬೇಕಿಲ್ಲ. ಕಿಟಕಿಯ ಚಲಿಸುವ ಭಾಗಗಳು, ಮಗುವಿನ ಬಾಯಿಗೆ ಸಿಗುವ ಎತ್ತರದ ಮರದ ಕೆಲಸ, ಎಲ್ಲೇ ಆಗಲಿ ಎದ್ದು ಉದುರುತ್ತಿರುವ ಬಣ್ಣ. ಇಷ್ಟು ಸರಿಮಾಡಬೇಕು. ಚಾವಣಿಯ ಹತ್ತಿರ ಗಟ್ಟಿಯಾಗಿ ಕೂತಿರುವ ಪಟ್ಟಿಯಲ್ಲಿ ಸೀಸ ಇದ್ದರೂ ಅದು ಅಲ್ಲೇ ಇರಬಹುದು. ಇದನ್ನು ತಿಳಿಯದೆ ಡೀಲೆಡರ್‌ನನ್ನು ಕರೆದಿದ್ದರೆ ನನ್ನ ಕಥೆ ಮುಗಿದಿರುತ್ತಿತ್ತು.

ಯಾಕೆಂದರೆ ಮೊದಲು ಬಂದವರು ಹೇಳಿದ್ದು 23,500 ಡಾಲರ್. ಎಲ್ಲ ಬಾಗಿಲು, ಎಲ್ಲ ಅಂಚುಪಟ್ಟಿ, ಎಲ್ಲ ಕೆರೆದು ತೆಗೆಯುತ್ತೇವೆ ಅಂದರು. ವರದಿ ತೋರಿಸಿ "ಇದರಲ್ಲಿ ಇಲ್ಲದ್ದು ಯಾಕೆ?" ಅಂತ ಕೇಳಿದರೆ "ಮಾಡಿಸುವುದೇ ಆದರೆ ಪೂರ್ತಿ ಮಾಡಿಸಿ" ಅಂದರು. ಎರಡನೆಯವರದು 7,900. ನನಗೆ ಖುಷಿಯಾಯಿತು. ಆಮೇಲೆ ಅವರೇ, "ಪರೀಕ್ಷೆಯೂ ನಾವೇ ನೋಡಿಕೊಳ್ಳುತ್ತೇವೆ, ಪತ್ರ ಕೊಡಿಸುವುದೂ ನಮ್ಮದೇ, ನೀವು ತಲೆ ಕೆಡಿಸಿಕೊಳ್ಳಬೇಡಿ" ಅಂದರು. ತಲೆ ಕೆಟ್ಟದ್ದು ಆಗಲೇ. ಉತ್ತರ ಬರೆದವನೇ ಮಾರ್ಕ್ಸ್ ಹಾಕಿಕೊಂಡರೆ ಹೇಗೆ? ಲೈಸೆನ್ಸ್ ನಂಬರ್ ಕೇಳಿದೆ. ಕಳಿಸುತ್ತೇನೆ ಅಂದವರು ಕಳಿಸಲೇ ಇಲ್ಲ.

ಮೂರನೆಯವರು ವರದಿಯ ಪ್ರತಿ ಸಾಲಿನ ಮುಂದೆ ಪೆನ್ಸಿಲ್‌ನಲ್ಲಿ ಬರೆದುಕೊಂಡು ಹೋದರು. ಇದು ಬದಲಾಯಿಸುವುದು, ಇದು ಕೆರೆಯುವುದು, ಇದರ ಮೇಲೆ ಹೊದಿಸುವುದು, ಇದು ಬಿಡುವುದು. ಒಂಬತ್ತು ಕಿಟಕಿ ಪೂರ್ತಿ ಹೊಸದು. ಹಳೆಯದನ್ನು ಕೆರೆದು ಉಳಿಸುವುದಕ್ಕಿಂತ ಅದೇ ಸಲೀಸು, ಚಳಿಗಾಲದ ಬಿಸಿ ಮಾಡುವ ಖರ್ಚೂ ಇಳಿಯುತ್ತದೆ ಅಂದರು. ಅದು ನಿಜವಾಯಿತು. ಒಟ್ಟು 13,200. ಒಪ್ಪಂದಕ್ಕೆ ನಾನು ಸೇರಿಸಿದ ಸಾಲು ಎರಡು. ಧೂಳಿನ ಪರೀಕ್ಷೆಯಲ್ಲಿ ಫೇಲಾದರೆ ಮತ್ತೆ ತೊಳೆಯುವ ಖರ್ಚೂ ಇನ್ಸ್‌ಪೆಕ್ಟರ್ ಮತ್ತೆ ಬರುವ ಖರ್ಚೂ ಅವರದು. ಕೊನೆಯ ಮೂರನೇ ಒಂದು ಭಾಗ ದುಡ್ಡು ಪತ್ರ ಕೈಗೆ ಬಂದ ಮೇಲೆ. ಮೊದಲನೆಯದಕ್ಕೆ ಸ್ವಲ್ಪ ಮುಖ ಸಿಂಡರಿಸಿದರು, ಆದರೆ ಸಹಿ ಹಾಕಿದರು. ಇನ್ಶೂರೆನ್ಸ್ ಕಾಗದ ಕೇಳಿದಾಗ ಅದರಲ್ಲಿ ಸೀಸದ ಕೆಲಸ ಸೇರಿದೆಯಾ ಅಂತಲೂ ನೋಡಿ. ಕಟ್ಟಡ ಕೆಲಸದ ಸಾಮಾನ್ಯ ಪಾಲಿಸಿಗಳಲ್ಲಿ ಸೀಸವನ್ನು ಹೊರಗಿಟ್ಟಿರುವುದುಂಟು.

ಸ್ವಲ್ಪ ದುಡ್ಡು ಉಳಿಸಲು ನಾನೇ ಮಾಡಿದ ಕೆಲಸವೂ ಇದೆ. ಬಾಗಿಲು ಕಳಚುವುದು, ಮೇಲೆ ಹೊದಿಸುವುದು, ಹೀಗೆ ಧೂಳೇಳದ ಕೆಲವು ಕೆಲಸಗಳನ್ನು ಮನೆಯ ಮಾಲೀಕರೇ ಮಾಡಬಹುದು. ಅದಕ್ಕೂ ಒಂದು ಪುಸ್ತಕ ಓದಿ, ಮನೆಯಲ್ಲೇ ಕೂತು ಪರೀಕ್ಷೆ ಬರೆದು, ಒಪ್ಪಿಗೆಯ ನಂಬರ್ ತೆಗೆದುಕೊಳ್ಳಬೇಕು. ನಲವತ್ತನೇ ವಯಸ್ಸಿನಲ್ಲಿ ಬಾಗಿಲು ಕಳಚುವುದಕ್ಕೆ ಪರೀಕ್ಷೆ ಬರೆದೆ, ಪಾಸಾದೆ. ನಾಲ್ಕು ಬಾಗಿಲು ಕಳಚಿದೆ.

ಕಷ್ಟ ಬಂದದ್ದು ಮೆಟ್ಟಿಲಿನ ಹತ್ತಿರ. ಮೂರು ಮನೆಯವರೂ ಓಡಾಡುವ ಮೆಟ್ಟಿಲು, ಕಟಕಟೆ, ಹಿಂದಿನ ಜಗಲಿ, ಇವೂ ಸರಿಯಾಗದೆ ನಮ್ಮ ಮನೆಗೆ ಪತ್ರ ಸಿಗುವುದಿಲ್ಲ. ಅದರ ಖರ್ಚು 4,800. ಮೂರು ಪಾಲು ಆಗಬೇಕು. ಮೇಲಿನ ಮನೆಯ ಹುಡುಗ ಸರಿ ಅಂದ. ಕೆಳಗಿನ ಮನೆಯ ಅಜ್ಜ ಒಪ್ಪಲಿಲ್ಲ. "ನಾನು ಇದೇ ಮನೆಯಲ್ಲಿ ಹುಟ್ಟಿ ಬೆಳೆದದ್ದು. ಇದೇ ಕಟಕಟೆ ನೆಕ್ಕಿದ್ದೇನೆ. ನನಗೇನಾಗಿದೆ?" ಅಂದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಎರಡು ವಾರ ಮಾತುಕತೆ ಹೀಗೇ ಹೋಯಿತು. ಕೊನೆಗೆ ಅಮ್ಮ ಒಂದು ಸಂಜೆ ಮಗುವನ್ನು ಎತ್ತಿಕೊಂಡು, ಒಂದು ತಟ್ಟೆ ಬಿಸಿ ಬೋಂಡ ಹಿಡಿದು ಕೆಳಗೆ ಹೋದರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ಅಜ್ಜನಿಗೆ ಕನ್ನಡ ಬರುವುದಿಲ್ಲ. ಮಾರನೇ ದಿನ ಅಜ್ಜ ಚೆಕ್ ಬರೆದುಕೊಟ್ಟರು. ಅಲ್ಲೇನು ಮಾತಾಯಿತು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ.

ಕೆಲಸ ನಡೆಯುವಾಗ ಮನೆಯಲ್ಲಿ ಯಾರೂ ಇರುವ ಹಾಗಿಲ್ಲ. ಸಂಜೆ ಬಂದು ಮಲಗುವ ಹಾಗೂ ಇಲ್ಲ. ಎಂಟು ದಿನ ಪಕ್ಕದ ಊರು ಶ್ರೂಸ್‌ಬರಿಯಲ್ಲಿ ಸ್ನೇಹಿತರ ಮನೆಯಲ್ಲಿದ್ದೆವು. ನಾನೊಬ್ಬ ದಿನಕ್ಕೊಮ್ಮೆ ಬೀದಿಯಲ್ಲಿ ನಿಂತು ನೋಡಿ ಬರುತ್ತಿದ್ದೆ. ಕಿಟಕಿಗಳಿಗೆಲ್ಲ ದಪ್ಪ ಪ್ಲಾಸ್ಟಿಕ್ಕು. ಒಳಗೆ ಬಿಳಿ ಉಡುಪು, ಮುಖಕ್ಕೆ ಮಾಸ್ಕ್ ಹಾಕಿದ ಮೂವರು. ಮರಕ್ಕೆ ನೀರು ಚಿಮುಕಿಸಿ, ಒದ್ದೆ ಇರುವಾಗಲೇ ಕೆರೆಯುತ್ತಿದ್ದರು. ಹಳೇ ಕಿಟಕಿಗಳನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಟೇಪ್ ಹಾಕಿ ಕೆಳಗಿಳಿಸಿದರು. ನಮ್ಮ ಪೇಂಟರ್‌ನ ಅರ್ಧ ಗಂಟೆಯ ಕೆಲಸ ನೆನಪಾಗಿ ಹೊಟ್ಟೆ ಕಿವುಚಿತು.

ಕೆರೆದದ್ದು ಎರಡು ದಿನವಾದರೆ ತೊಳೆದದ್ದೂ ಎರಡು ದಿನ. ಹೆಪಾ ವ್ಯಾಕ್ಯೂಮ್, ಆಮೇಲೆ ಸೋಪು ನೀರಿನ ಒದ್ದೆ ಬಟ್ಟೆ, ಮತ್ತೆ ಹೆಪಾ ವ್ಯಾಕ್ಯೂಮ್. ಮಾಮೂಲಿ ವ್ಯಾಕ್ಯೂಮ್ ಆಗುವುದಿಲ್ಲ. ಈ ಕಡೆ ಹೀರಿದ ನುಣ್ಣನೆ ಧೂಳನ್ನು ಆ ಕಡೆ ಊದುತ್ತದೆ.

ಇನ್ಸ್‌ಪೆಕ್ಟರ್ ಮತ್ತೆ ಬಂದರು. ಈ ಸಲ ಯಂತ್ರ ತಂದಿರಲಿಲ್ಲ. ನೆಲದ ಮೇಲೆ ಒಂದು ಚದರ ಅಡಿಯ ಚೌಕ ಗುರುತು ಮಾಡಿಕೊಂಡು, ಒದ್ದೆ ಟಿಶ್ಯೂವಿನಿಂದ ಎಡದಿಂದ ಬಲಕ್ಕೆ, ಮಡಚಿ ಮೇಲಿಂದ ಕೆಳಕ್ಕೆ ಒರೆಸಿ, ಮುಚ್ಚಳದ ಕೊಳವೆಯೊಳಗೆ ಹಾಕಿ, ಮೇಲೆ ಜಾಗದ ಹೆಸರು ಬರೆದರು. ಕೋಣೆಗೊಂದು ನೆಲ, ಒಂದು ಕಿಟಕಿ ಕಟ್ಟೆ, ಒಂದು ಕಿಟಕಿ ತಗ್ಗು. ಎಲ್ಲ ಲ್ಯಾಬ್‌ಗೆ. ಆಗ ನೆಲಕ್ಕೆ ಮಿತಿ ಚದರ ಅಡಿಗೆ 10 ಮೈಕ್ರೋಗ್ರಾಂ, ಕಿಟಕಿ ಕಟ್ಟೆಗೆ 100. 2024ರ ಅಕ್ಟೋಬರಿನಲ್ಲಿ ದೇಶದ ಪರಿಸರ ಇಲಾಖೆಯವರು ಹೊಸ ನಿಯಮ ತಂದು ನೆಲಕ್ಕೆ 5, ಕಟ್ಟೆಗೆ 40, ತಗ್ಗಿಗೆ 100 ಅಂತ ಇನ್ನೂ ಬಿಗಿ ಮಾಡಿದ್ದಾರೆ. ಈಗ ಮಾಡಿಸುವವರು ಯಾವ ಅಂಕಿಗೆ ಪಾಸು ಮಾಡುತ್ತೀರಿ ಅಂತ ಮೊದಲೇ ಕೇಳಿಕೊಳ್ಳಿ.

ಎಲ್ಲ ಪಾಸು, ಒಂದು ಬಿಟ್ಟು. ಮಗುವಿನ ಕೋಣೆಯ ನೆಲ. 18.

ಮೆದು ಮರದ ಹಳೇ ಹಲಗೆಗಳು. ಹಲಗೆಗಳ ನಡುವಿನ ಸಂದಿಯಲ್ಲಿ ನೂರು ವರ್ಷದ ಪುಡಿ ಕೂತಿದೆ ಅಂದರು ಡೀಲೆಡರ್. ಪೇಂಟರ್‌ನ ಧೂಳೂ ಅದರಲ್ಲಿ ಸೇರಿರಬೇಕು ಅಂತ ನನ್ನ ಅನುಮಾನ. ಒಪ್ಪಂದದ ಸಾಲು ನೆನಪಿಸುವ ಅಗತ್ಯವೇ ಬೀಳಲಿಲ್ಲ. ಅವರೇ ಬಂದು ಸಂದಿ ಸಂದಿಗೂ ವ್ಯಾಕ್ಯೂಮ್ ಹಿಡಿದು, ಮೂರು ಸಲ ತೊಳೆದು, ನೆಲಕ್ಕೆ ಎರಡು ಕೋಟ್ ಪಾಲಿಯುರೇಥೇನ್ ಹೊಡೆದರು. ಎರಡನೇ ಸಲ 4 ಬಂತು. ಅದರ ಮೇಲೆ ಇನ್ಸ್‌ಪೆಕ್ಟರ್ ಕೊಟ್ಟ ಪತ್ರದಲ್ಲಿ ಮನೆ ಕಾನೂನಿಗೆ ಪೂರ್ತಿ ಸರಿಯಾಗಿದೆ ಅಂತ ಇದೆ. ಸೀಸವೇ ಇಲ್ಲ ಅಂತ ಇಲ್ಲ. ಇದನ್ನು ಮನೆ ಮಾರುವಾಗ ಕೊಂಡವರಿಗೆ ಕೊಡಬೇಕು. ಬಣ್ಣ ಎಲ್ಲಾದರೂ ಏಳದ ಹಾಗೆ ನೋಡಿಕೊಳ್ಳುವುದು ನಮ್ಮ ಜವಾಬ್ದಾರಿ. ಪಾಸ್‌ಪೋರ್ಟ್ ಇಡುವ ಡಬ್ಬಿಯಲ್ಲಿ ಇಟ್ಟಿದ್ದೇವೆ.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ರಾಜ್ಯದ ತೆರಿಗೆಯಲ್ಲಿ ಆಗ 1,500 ಡಾಲರ್ ವಾಪಸ್ ಸಿಕ್ಕಿತು. 2023ರಿಂದ ಅದನ್ನು 3,000ಕ್ಕೆ ಏರಿಸಿದ್ದಾರೆ, ನಮ್ಮ ಗ್ರಹಚಾರ. ಆದಾಯ ಕಡಿಮೆ ಇರುವ ಮಾಲೀಕರಿಗೆ "ಗೆಟ್ ದ ಲೆಡ್ ಔಟ್" ಅಂತ ಬಡ್ಡಿಯಿಲ್ಲದ ಸಾಲವೂ ಇದೆ. ನಮಗೆ ಅನ್ವಯಿಸಲಿಲ್ಲ. ಕೇಳಿ ನೋಡುವುದರಲ್ಲಿ ನಷ್ಟವಿಲ್ಲ, ಆದರೆ ಕೆಲಸ ಶುರು ಮಾಡುವ ಮುಂಚೆ ಕೇಳಬೇಕು.

ನೀರನ್ನೂ ನೋಡಿಸಿದೆವು. ರಾತ್ರಿಯೆಲ್ಲ ನಲ್ಲಿ ಮುಟ್ಟದೆ, ಬೆಳಿಗ್ಗೆ ಬರುವ ಮೊದಲ ಒಂದು ಲೀಟರ್ ಹಿಡಿದು ಕಳಿಸುವುದು. ಏನೂ ತೊಂದರೆ ಇರಲಿಲ್ಲ. ಮಣ್ಣು ಮಾತ್ರ ಕೈ ಕೊಟ್ಟಿತು. ಅಮ್ಮ ಹಿತ್ತಲಲ್ಲಿ ಗೋಡೆಗೆ ಒತ್ತಿಕೊಂಡೇ ಮೆಂತ್ಯ, ದಂಟು, ಹರಿವೆ ಹಾಕಿದ್ದರು. ಬಿಸಿಲು ಚೆನ್ನಾಗಿ ಬೀಳುತ್ತೆ ಅಂತ. ಆಮ್ಹರ್ಸ್ಟ್‌ನ ವಿಶ್ವವಿದ್ಯಾಲಯದ ಮಣ್ಣಿನ ಲ್ಯಾಬ್‌ಗೆ ಎರಡು ಪೊಟ್ಟಣ ಕಳಿಸಿದೆ. ಹಿತ್ತಲ ನಡುವಿನದು ಪರವಾಗಿಲ್ಲ. ಗೋಡೆಯ ಬುಡದ್ದು 900 ಪಿಪಿಎಂ ದಾಟಿತ್ತು, ಅಂದರೆ ಹತ್ತು ಲಕ್ಷ ಪಾಲು ಮಣ್ಣಿನಲ್ಲಿ 900 ಪಾಲಿಗೂ ಜಾಸ್ತಿ ಸೀಸ. ಹೊರಗೋಡೆಯ ಬಣ್ಣ ಮಳೆಗೆ ಉದುರಿ ಉದುರಿ ಅಲ್ಲೇ ಸೇರಿದೆ. ಮಕ್ಕಳು ಆಡುವ ಜಾಗಕ್ಕೆ ಆಗ ಮಿತಿ 400. ಅಮ್ಮ ಮಾತಾಡದೆ ದಂಟನ್ನೆಲ್ಲ ಕಿತ್ತು ಚೀಲಕ್ಕೆ ತುಂಬಿದರು. ನಾನು ಮರದ ದೊಡ್ಡ ಪೆಟ್ಟಿಗೆ ಮಾಡಿ, ಹೊರಗಿನ ಮಣ್ಣು ತುಂಬಿ ಕೊಟ್ಟೆ. ಗೋಡೆಯ ಬುಡಕ್ಕೆ ಜಲ್ಲಿ ಹಾಸಿದೆ.

ಮಗಳ ಅಂಕಿ ನಿಧಾನವಾಗಿ ಇಳಿಯಿತು. ಮೂರು ತಿಂಗಳು ಕಳೆದ ಮೇಲೆ 6. ಎರಡು ವರ್ಷ ತುಂಬಿದಾಗ 4. ಮೂರನೇ ವರ್ಷ 2. ಸೀಸ ಮೂಳೆಯಲ್ಲಿ ಸೇರಿಕೊಂಡು ನಿಧಾನಕ್ಕೆ ಹೊರಗೆ ಬರುತ್ತದಂತೆ, ಅವಸರ ಮಾಡಿದರೆ ಆಗುವುದಿಲ್ಲ. 7 ಇದ್ದ ದಿನಗಳಲ್ಲಿ ಏನಾದರೂ ಆಗಿರಬಹುದಾ ಅಂತ ನಾನು ಈಗಲೂ ಅವಳು ಪದ ಮರೆತಾಗಲೆಲ್ಲ ಯೋಚಿಸುತ್ತೇನೆ. ಡಾಕ್ಟರ್ ಹಾಗೆ ಯೋಚಿಸಬೇಡಿ ಅನ್ನುತ್ತಾರೆ.

ಹೋದ ದಸರಾ ಮುಂಚೆ ಅಕ್ಕ ಮೈಸೂರಿನಿಂದ ಫೋನ್ ಮಾಡಿದ್ದಳು. ಭಾವನ ಅಪ್ಪ ಕಟ್ಟಿಸಿದ ಮನೆ, 1980ರ ಆಸುಪಾಸಿನದು. ಕಿಟಕಿ, ಸರಳು, ಬಾಗಿಲಿಗೆಲ್ಲ ಹಳೇ ಎನಾಮಲ್ ಬಣ್ಣ. ಪೇಂಟಿಂಗ್‌ನವರು ಮಾರನೇ ದಿನ ಸ್ಯಾಂಡ್‌ಪೇಪರ್ ಹಿಡಿದು ಬರುವವರಿದ್ದರು. ಮನೆಯಲ್ಲಿ ಅವಳ ಎರಡು ವರ್ಷದ ಮೊಮ್ಮಗ. ಭಾರತದಲ್ಲಿ ಮನೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ದಾಟಬಾರದು ಅನ್ನುವ ನಿಯಮ ಜಾರಿಯಾದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಇದೆ ಅಂತಲೇ ಹಿಡಿ ಅಂದೆ. ಲೈಸೆನ್ಸ್ ಇರುವ ಇನ್ಸ್‌ಪೆಕ್ಟರ್, ಡೀಲೆಡರ್ ಅನ್ನುವ ಏರ್ಪಾಡು ನಮ್ಮ ಕಡೆ ಇಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರೊಫೆಸರ್ ಆಗಿದ್ದ ತುಪ್ಪಿಲ್ ವೆಂಕಟೇಶ್ ಅವರು ಸೀಸದ ಅಪಾಯದ ಬಗ್ಗೆ ವರ್ಷಗಟ್ಟಲೆ ದುಡಿದವರು. ಆದರೂ ಪೇಂಟರ್‌ನ ಸ್ಯಾಂಡ್‌ಪೇಪರಿನ ತನಕ ಆ ಮಾತು ಇನ್ನೂ ಇಳಿದಿಲ್ಲ.

"ಹಾಗಾದ್ರೆ ಏನ್ ಮಾಡ್ಲೋ? ನಾಳೆ ಬೆಳಿಗ್ಗೆ ಎಂಟಕ್ಕೆ ಬರ್ತಾರೆ" ಅಂದಳು.

ಮಗುವನ್ನು ನಿನ್ನ ಮಗಳ ಅತ್ತೆಮನೆಗೆ ಕಳಿಸು. ಗಟ್ಟಿಯಾಗಿರುವ ಬಣ್ಣ ಉಜ್ಜಿಸಬೇಡ, ಎದ್ದಿರುವ ಕಡೆ ಮಾತ್ರ ನೀರು ಹಾಕಿ ವಾಟರ್ ಪೇಪರ್‌ನಲ್ಲಿ ಉಜ್ಜಲಿ. ಕೆಳಗೆ ಪ್ಲಾಸ್ಟಿಕ್ ಹಾಸಿ, ಸಂಜೆ ಅದನ್ನು ಮಡಚಿ ಹಾಗೇ ಬಿಸಾಕಲಿ. ಪೊರಕೆ ಬೇಡ. ಅವರಿಗೂ ಮಾಸ್ಕ್ ಕೊಡು, ಅವರ ಮನೆಯಲ್ಲೂ ಮಕ್ಕಳಿರುತ್ತವೆ, ಬಟ್ಟೆ ಬದಲಾಯಿಸಿಕೊಂಡು ಹೋಗಲಿ. ಹೊಸ ಬಣ್ಣದ ಡಬ್ಬಿ ಮೇಲೆ ಸೀಸದ ಅಂಕಿ ಏನಂತ ಇದೆ ಓದು.

ಅಕ್ಕ ಎಲ್ಲ ಬರೆದುಕೊಂಡಳು. ಮಾರನೇ ದಿನ ಒಂಬತ್ತು ಗಂಟೆಗೆ ವಾಟ್ಸಾಪ್‌ನಲ್ಲಿ ಫೋಟೋ ಬಂತು. ಕಿಟಕಿಯ ಕೆಳಗೆ ಹಳೇ ಫ್ಲೆಕ್ಸ್ ಬ್ಯಾನರ್ ಹಾಸಿದ್ದರು, ಯಾರದೋ ಹುಟ್ಟುಹಬ್ಬದ್ದು. ಪೇಂಟರ್ ಮಾಸ್ಕನ್ನು ಗಲ್ಲಕ್ಕೆ ಹಾಕಿಕೊಂಡು ನಗುತ್ತಿದ್ದ. ಪಕ್ಕದಲ್ಲಿ ಒಂದು ಬಕೆಟ್ ನೀರು.